ಕರೀ ವಯರು, ಕೆಂಪು ವಯರು

ಮೇಸ್ತ್ರಿಯ ಕನ್ನಡಕದ ಎಡಗಡೆಯ ಕಡ್ಡಿ ಮುರಿದು ಎಷ್ಟು ವರ್ಷವಾಗಿತ್ತೋ ಏನೋ, ಅದರ ಜಾಗದಲ್ಲಿ ಪ್ಲಗ್ ವಯರಿನ ಒಂದು ಕರೀ ತುಂಡನ್ನು ಸಿಕ್ಕಿಸಿ ಕಿವಿಯ ಹಿಂದಕ್ಕೆ ಬಾಗಿಸಿಕೊಂಡಿದ್ದರು. ಬಲಗಡೆ ಕಂಪನಿ ಕಡ್ಡಿ, ಎಡಗಡೆ ವಯರು. ಹೊಸದೊಂದು ತಗೊಳ್ಳಿ ಎಂದರೆ, "ಗಾಜು ನೆಟ್ಟಗೈತೆ, ಕಿವಿ ನೆಟ್ಟಗೈತೆ, ನಡುವಿನ ಕಡ್ಡಿಗೆ ಯಾಕ್ರೀ ಅಷ್ಟು ಮರ್ಯಾದೆ?" ಅನ್ನೋರು. ಶಿಕಾರಿಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿದ್ದ ತಗಡಿನ ಶೆಡ್ಡೇ ಅವರ ಗ್ಯಾರೇಜು. ಊರೆಲ್ಲ ಅವರನ್ನು ಮೇಸ್ತ್ರಿ ಅಂತಲೇ ಕರೆಯುತ್ತಿತ್ತು. ನಾನು ಸೊರಬದಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. "ನೀವು ಮೇಷ್ಟ್ರು, ನಾನು ಮೇಸ್ತ್ರಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೆ ನೋಡಿ, ಅಕ್ಷರ ಆಕಡೆ ಈಕಡೆ ಆಗೋತು" ಎಂದು ನಗುತ್ತಿದ್ದರು.

ಆ ಮನುಷ್ಯನಿಗೆ ನಾನೊಂದು ಸುಳ್ಳು ಹೇಳಿದ್ದೇನೆ. ಅದನ್ನು ಎಲ್ಲಾದರೂ ಕಕ್ಕದಿದ್ದರೆ ನನಗೆ ಅನ್ನ ಸೇರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಬಿಟ್ಟುಹೋದ ಎರಡು ಸೈಲೆನ್ಸರಿನ ಹಳೇ ಗಾಡಿಯೊಂದು ನನ್ನ ಹತ್ತಿರ ಇದೆ. ಸೊರಬದ ಮೆಕ್ಯಾನಿಕ್ಕುಗಳು ಅದನ್ನು ನೋಡಿದ ಕೂಡಲೇ ಗುಜರಿಯ ದಾರಿ ತೋರಿಸುತ್ತಿದ್ದರು. ಯಾರೋ ಹೇಳಿದರೆಂದು ಶಿಕಾರಿಪುರಕ್ಕೆ ಒಯ್ದೆ. ಮೇಸ್ತ್ರಿ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಇದು ನಿಮ್ಮ ಅಪ್ಪಾರದ್ದಲ್ವಾ? ಬಲಗಡೆ ಸೈಲೆನ್ಸರಿನ ಅಡೀಗೆ ಒಂದು ಬೆಸುಗೆ ಇರ್ಬೇಕು ನೋಡಿ, ನಾನೇ ಹಾಕ್ಸಿದ್ದು" ಎಂದರು. ಬಗ್ಗಿ ನೋಡಿದೆ, ಇತ್ತು! ನಾನು ಚಡ್ಡಿ ಹಾಕುತ್ತಿದ್ದ ಕಾಲದ ಬೆಸುಗೆ ಅದು. ಅವರ ಗ್ಯಾರೇಜಿನಲ್ಲಿ ಪುಸ್ತಕ ಇಲ್ಲ, ಚೀಟಿ ಇಲ್ಲ. ಯಾವ ಗಾಡಿಗೆ ಯಾವ ಬೇರಿಂಗು, ಯಾರ ಗಾಡಿಯ ಯಾವ ನಟ್ಟಿನ ಥ್ರೆಡ್ಡು ಸವೆದಿದೆ, ಎಲ್ಲ ತಲೆಯಲ್ಲೇ ಇತ್ತು.

ಅಷ್ಟು ನೆನಪಿದ್ದವರಿಗೆ ಹೆದರಿಕೆ ಇದ್ದದ್ದೂ ಅದೊಂದರ ಬಗ್ಗೆಯೇ. ಅವರ ಅಣ್ಣನಿಗೆ ವಯಸ್ಸಾದ ಮೇಲೆ ಮರೆವಿನ ಕಾಯಿಲೆ ಬಂದಿತ್ತಂತೆ. "ಕೊನೆಕೊನೆಗೆ ಹೆಂಡ್ತೀನೇ ಯಾರಮ್ಮ ನೀನು ಅಂತ ಕೇಳ್ತಿದ್ದ. ನನಗೇನಾರ ಹಂಗಾತು ಅಂತ ಗೊತ್ತಾದ್ರೆ ಅವತ್ತೇ ಸ್ಪ್ಯಾನರ್ ಕೆಳಗಿಟ್ಟುಬಿಡ್ತೀನಿ ಮೇಷ್ಟ್ರೇ. ಬ್ರೇಕಿನ ನಟ್ಟು ಬಿಗಿ ಮಾಡಾದು ಮರ್ತು ಕಳಿಸಿದ್ರೆ ಯಾರ ಮನೆ ಹುಡುಗ ಸಾಯ್ತಾನೋ ಏನೋ" ಎಂದಿದ್ದರು. ಹಾಗೆಂದವರೇ ಎದ್ದು ಹೋಗಿ ಆಗಷ್ಟೇ ಬಿಗಿ ಮಾಡಿದ್ದ ನಟ್ಟನ್ನು ಇನ್ನೊಂದು ಸಲ ಮುಟ್ಟಿ ನೋಡಿಕೊಂಡರು.

ಗಾಡಿಯಲ್ಲಿ ಕಿಡಿ ಹೊತ್ತಿಸುವ ಹಳೇ ಪಾಯಿಂಟ್ ಸೆಟ್ಟಿನ ಕಾಟ ಸಾಕಾಗಿತ್ತು. ಬೆಳಿಗ್ಗೆ ಇಪ್ಪತ್ತು ಕಿಕ್ ಹೊಡೆದು ಬೆವರಿಳಿಸಿಕೊಂಡೇ ನಾನು ಶಾಲೆಗೆ ಹೋಗಬೇಕಿತ್ತು. ಮೇಸ್ತ್ರಿ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಡಬ್ಬಿ ಕೂರಿಸಿದರು. ಎರಡೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಆದರೆ ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ ಹಳೇ ತಾಮ್ರದ ವಯರನ್ನೂ ತೆಗೆದುಬಿಟ್ಟರು. ಅದರ ಬದಲಿಗೆ ತಂದದ್ದು ಒಂದು ಬಡಪಾಯಿ ಕರೀ ವಯರು. ಒಳಗೆ ತಾಮ್ರವೇ ಇಲ್ಲ, ಇದ್ದಿಲು ಮೆತ್ತಿದ ದಾರ. ನನ್ನೊಳಗಿನ ಮೇಷ್ಟ್ರು ಸುಮ್ಮನಿರಬೇಕಲ್ಲ!

"ಏನ್ ಮೇಸ್ತ್ರಿ, ತಾಮ್ರದಂಥ ತಾಮ್ರ ಬಿಟ್ಟು ಇದ್ದಿಲು ಹಾಕ್ತೀರಲ್ಲ? ಕರೆಂಟಿಗೆ ರೋಧ ಕಡಿಮೆ ಇದ್ದಷ್ಟೂ ಕಿಡಿ ಜೋರು. ಇದು ಹತ್ತನೇ ಕ್ಲಾಸಿನ ಪಾಠ ಮಾರಾಯ್ರೆ" ಎಂದೆ.

ಅವರು ವಾದ ಮಾಡಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಹಳೇ ರೇಡಿಯೋ ತಂದು ಗಾಡಿಯ ಸೀಟಿನ ಮೇಲಿಟ್ಟರು. ಯಾವ ಸ್ಟೇಷನ್ನೂ ಸಿಗದ ಕಡೆ ಮುಳ್ಳು ನಿಲ್ಲಿಸಿ, ತಾಮ್ರದ ವಯರು ಸಿಕ್ಕಿಸಿ ಗಾಡಿ ಸ್ಟಾರ್ಟ್ ಮಾಡಿದರು. ರೇಡಿಯೋ ಕರ್ರ್ ಕರ್ರ್ ಎಂದು ಇಂಜಿನ್ನಿನ ತಾಳಕ್ಕೇ ಅರಚತೊಡಗಿತು. ಆಕ್ಸಿಲರೇಟರ್ ತಿರುಪಿದರೆ ಅರಚಾಟ ಇನ್ನೂ ಜೋರಾಯಿತು. ಆಮೇಲೆ ಕರೀ ವಯರನ್ನೂ ಅದಕ್ಕೆ ತಕ್ಕ ಪ್ಲಗ್ ಕ್ಯಾಪನ್ನೂ ಹಾಕಿದರು. ಇಂಜಿನ್ನು ಅಷ್ಟೇ ಜೋರಾಗಿ ಓಡುತ್ತಿದ್ದರೂ ರೇಡಿಯೋ ತೆಪ್ಪಗಾಯಿತು.

"ನೋಡಿದ್ರಾ? ರೇಡಿಯೋಕ್ಕೆ ತಲೆನೋವು ಬಂದ್ರೆ ಡಬ್ಬಿಗೂ ಬರ್ತೈತೆ. ಪಾಯಿಂಟಿಗೆ ತಲೆ ಇರ್ಲಿಲ್ಲ, ಏನು ಹಾಕಿದ್ರೂ ನಡೀತಿತ್ತು. ಡಬ್ಬಿಗೆ ತಲೆ ಐತೆ ಮೇಷ್ಟ್ರೇ, ತಾಮ್ರದ ಗಲಾಟೆ ಅದಕ್ಕೆ ಆಗಲ್ಲ."

ನಾನು ತಲೆಯಾಡಿಸಿದೆ. ಒಪ್ಪಿದ್ದೆನೇ? ಎಲ್ಲಿಂದ ಬರಬೇಕು ಆ ದೊಡ್ಡತನ! ನಾಲ್ಕನೇ ಕ್ಲಾಸಿನವರು ನನಗೆ ವಿದ್ಯುತ್ತಿನ ಪಾಠ ಹೇಳಿದರೆಂದು ಹೊಟ್ಟೆಯೊಳಗೆ ಉರಿಯುತ್ತಿತ್ತು. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದೆ. ದಪ್ಪನೆಯ, ಮಿರಿಮಿರಿ ಮಿಂಚುವ ಕೆಂಪು ತಾಮ್ರದ ವಯರನ್ನು ತರಿಸಿದೆ. ಒಂದು ಭಾನುವಾರ ಮನೆಯ ಅಂಗಳದಲ್ಲಿ ಕೂತು ಮೇಸ್ತ್ರಿ ಹಾಕಿದ್ದನ್ನೆಲ್ಲ ಕಿತ್ತು ಅದನ್ನು ಕೂರಿಸಿದೆ. ಗಾಡಿ ಮದುಮಗನ ಹಾಗೆ ಕಂಡಿತು. ಊರೊಳಗೆ ನಿಧಾನಕ್ಕೆ ಓಡಿಸುವಾಗ ಏನೂ ತೊಂದರೆಯಾಗಲಿಲ್ಲ.

ಎರಡು ವಾರ ಕಳೆದ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಬಳ್ಳಿಗಾವಿಯ ಅವಳ ತಂಗಿಯ ಮನೆಗೆ ಹೊರಟೆ. ದಾರಿಯಲ್ಲಿ ಒಂದು ಬಸ್ಸನ್ನು ಹಿಂದೆ ಹಾಕುವಾಗ ಗಾಡಿ ಎರಡು ಸಲ ಕೆಮ್ಮಿ ಸತ್ತೇಹೋಯಿತು. ಎದುರಿಗೆ ಲಾರಿ. ಹೇಗೆ ಬದಿಗೆ ಎಳೆದೆನೋ ದೇವರಿಗೇ ಗೊತ್ತು, ಇಬ್ಬರೂ ಚರಂಡಿಗೆ ಬಿದ್ದೆವು. ಅವಳ ಮೊಣಕಾಲು ತರಚಿತು. ಅವತ್ತಿನ ಹೆದರಿಕೆಯೇ ಮರುದಿನಕ್ಕೆ ಸಿಟ್ಟಾಯಿತು. ಗಾಡಿಯನ್ನು ಲಗೇಜ್ ಆಟೋಕ್ಕೆ ಹೇರಿಸಿಕೊಂಡು ಶಿಕಾರಿಪುರಕ್ಕೆ ಹೋದೆ.

ಆಟೋ ಇಳಿಯುವ ಮೊದಲೇ ಕೂಗಾಡಲು ಶುರು ಮಾಡಿದ್ದೆ. "ಎಂಥ ಮಾಲು ಹಾಕಿದ್ರಿ ಮೇಸ್ತ್ರಿ? ನಿಮ್ಮನ್ನ ನಂಬ್ಕೊಂಡು ನಾವು ಗಂಡ ಹೆಂಡ್ತಿ ಸಾಯ್ಬೇಕಿತ್ತಾ?" ಗ್ಯಾರೇಜಿನಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರಲ್ಲೊಬ್ಬರು ನನ್ನ ವಿದ್ಯಾರ್ಥಿಯೊಬ್ಬನ ತಂದೆ. ಎಲ್ಲರೂ ತಿರುಗಿ ನೋಡಿದರು. ಮೇಸ್ತ್ರಿ ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬಗ್ಗಿ ನೋಡಿ, ಮೆತ್ತಗೆ ಕೇಳಿದರು.

"ಈ ಕೆಂಪು ವಯರು ಯಾರು ಹಾಕಿದ್ದು ಮೇಷ್ಟ್ರೇ?"

ನಿಜ ಹೇಳುತ್ತೇನೆ, ಆ ಕ್ಷಣದವರೆಗೂ ವಯರಿನ ವಿಷಯ ನನ್ನ ತಲೆಗೆ ಬಂದಿರಲಿಲ್ಲ. ಕೇಳಿದ ಕೂಡಲೇ ರೇಡಿಯೋದ ಅರಚಾಟ, ಡಬ್ಬಿಯ ತಲೆನೋವು ಎಲ್ಲ ಒಟ್ಟಿಗೇ ನೆನಪಿಗೆ ಬಂತು. ಹೆಂಡತಿಯನ್ನು ಚರಂಡಿಗೆ ಬೀಳಿಸಿದ್ದು ನಾನೇ. ಬಾಯಿ ಬಿಟ್ಟರೆ ಸಾಕಿತ್ತು. ಆದರೆ ಆ ವಿದ್ಯಾರ್ಥಿಯ ತಂದೆ ನನ್ನನ್ನೇ ನೋಡುತ್ತಿದ್ದರು.

"ನೀವೇ ಹಾಕಿದ್ದಲ್ವಾ? ನಾನು ಕೈ ಸಹ ಹಚ್ಚಿಲ್ಲ" ಎಂದೆ.

"ನಾನಾ?"

"ಮತ್ಯಾರು?"

ಅವರು ಕನ್ನಡಕ ಸರಿಮಾಡಿಕೊಂಡು ಆ ವಯರನ್ನು ಎರಡು ಸಲ ಮುಟ್ಟಿ ನೋಡಿದರು. ಆಮೇಲೆ ಅದನ್ನು ಬಿಚ್ಚಿ, ಹೊಸ ಕರೀ ವಯರು ಹಾಕಿದರು. ಎರಡು ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು. ಗಿರಾಕಿಗಳ ಎದುರಿಗೇ ನನಗೆ ಕೈ ಮುಗಿದು, "ತಪ್ಪಾತು ಮೇಷ್ಟ್ರೇ, ಮನಸ್ಸಿಗೆ ಹಚ್ಕೋಬ್ಯಾಡಿ" ಎಂದರು. ಅಷ್ಟು ವಯಸ್ಸಿನ ಮನುಷ್ಯ ಕೈ ಮುಗಿಯುತ್ತಿದ್ದರೆ ನಾನು "ಇರ್ಲಿ ಬಿಡಿ" ಎಂದೆ. ಥೂ ನನ್ನ ಜನ್ಮಕ್ಕೆ.

ವಾಪಸು ಬರುವಾಗ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ. ಮೇಸ್ತ್ರಿಗೆ ಎಲ್ಲ ಗೊತ್ತಾಗಿದೆ, ನಾಲ್ಕು ಜನರ ಎದುರು ಮೇಷ್ಟ್ರ ಮಾನ ಹೋಗದಿರಲಿ ಎಂದು ತಪ್ಪನ್ನು ಮೈಮೇಲೆ ಹಾಕಿಕೊಂಡರು, ಎಂಥ ದೊಡ್ಡ ಮನಸ್ಸು! ಒಂದೆರಡು ಕಡೆ ಹೆಸರು ಹೇಳದೆ ಈ ಕತೆಯನ್ನು ಹೊಗಳಿಯೂ ಹೇಳಿದೆ. ತಿಂಗಳಾಗುವುದರೊಳಗೆ ಅವರು ಗ್ಯಾರೇಜು ಮುಚ್ಚಿದರೆಂದು ಕೇಳಿದಾಗ, ವಯಸ್ಸಾಯಿತಲ್ಲ ಅಂದುಕೊಂಡೆ. ಹೋಗಿ ಮಾತಾಡಿಸಬೇಕಿತ್ತು. ಶಿಕಾರಿಪುರವೇನು ಕಾಶಿಯೇ? ಇವತ್ತು ನಾಳೆ ಎನ್ನುತ್ತ ಮಳೆಗಾಲ ಕಳೆಯಿತು, ಅವರು ಹೋಗಿಬಿಟ್ಟ ಸುದ್ದಿ ಬಂತು. ಎದೆನೋವಂತೆ.

ಹದಿನೈದು ದಿನ ಬಿಟ್ಟು ಮನೆಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಚಾಪೆ ಹಾಕಿ ಕೂರಿಸಿ, "ಸೊರಬದ ಮೇಷ್ಟ್ರಲ್ವಾ? ನಿಮ್ಮ ಸುದ್ದಿ ಬಾಳ ಹೇಳ್ತಿದ್ರು" ಎಂದರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅವರೇ ಮುಂದುವರಿಸಿದರು.

"ನಿಮ್ಮ ಗಾಡಿಗೇ ಅಲ್ವೇನ್ರೀ ಕೆಂಪು ವಯರು ಹಾಕಿ ಮರ್ತಿದ್ದು? ಅವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ. 'ಹಾಕಿದ್ದು ಕರೀದು ಅಂತ ಕಣ್ಣಿಗೆ ಕಟ್ಟಿದಂಗೈತೆ, ಆದ್ರೆ ಮೇಷ್ಟ್ರು ಸುಳ್ಳು ಹೇಳ್ತಾರೇನೇ, ಮಕ್ಕಳಿಗೆ ಪಾಠ ಹೇಳೋರು, ನನಗೇ ಅಣ್ಣನ ಮರೆವು ಶುರು ಆಗೈತೆ' ಅಂದ್ರು. ಯಾರು ಎಷ್ಟು ಹೇಳಿದ್ರೂ ಕೇಳದೆ ಅಂಗಡಿ ಮುಚ್ಚಿದ್ರು."

ಮೇಸ್ತ್ರಿಗೆ ಏನೂ ಗೊತ್ತಾಗಿರಲಿಲ್ಲ. ನನ್ನನ್ನು ನಂಬಿದ್ದರು, ಅಷ್ಟೇ.

"ಅಮ್ಮಾ, ಆ ವಯರು ಹಾಕಿದ್ದು ನಾನು. ಅವತ್ತು ಸುಳ್ಳು ಹೇಳಿದ್ದೆ" ಎಂದೆ. ಬೈಯುತ್ತಾರೆ, ಎದ್ದು ಹೋಗು ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು.

"ಹಂಗಾದ್ರೆ ಇವ್ರಿಗೆ ಮರೆವು ಇರ್ಲಿಲ್ವಾ?"

"ಇರಲಿಲ್ಲ ಅಮ್ಮಾ."

"ನಾನೂ ನಂಬಿದ್ನಲ್ರೀ" ಎಂದರು. "ಗ್ಯಾಸ್ ಆರ್ಸಿದ್ರಾ, ಬಾಗಿಲು ಹಾಕಿದ್ರಾ, ನಾನು ಯಾರು ಹೇಳಿ ನೋಡಾಣ ಅಂತ ದಿನಾ ಕೇಳ್ತಿದ್ದೆ. ಪಾಪ, ದಿನಾ ಸರಿಯಾಗೇ ಹೇಳ್ತಿದ್ರು."