ಖಲಾಸ್ ಎಂಬ ಮಾತು

ದುಬೈಯಲ್ಲಿ ಸತ್ತವರ ವಾರಸುದಾರರು ಯಾರೆಂದು ತೀರ್ಮಾನಿಸುವ ಕೋರ್ಟ್ ಕಚೇರಿಯಲ್ಲಿ ನಾನು ಗುಮಾಸ್ತ. ಕಡತಕ್ಕೆ ಕೊನೆಯ ಮುದ್ರೆ ಒತ್ತಿದೊಡನೆ ‘ಖಲಾಸ್’ ಎನ್ನುವುದು ಇಲ್ಲಿ ಅಂಟಿಕೊಂಡ ಚಾಳಿ. ಅರಬಿಯವರಿಗೆ ಕೆಲಸ ಮುಗಿಯಿತೆಂದಷ್ಟೇ ಅರ್ಥ. ನಮ್ಮೂರಲ್ಲಿ ಮನುಷ್ಯ ಸತ್ತರೂ ಅದನ್ನೇ ಹೇಳುತ್ತಾರೆಂಬುದನ್ನು ಈ ದರಿದ್ರ ನಾಲಿಗೆ ಮರೆತೇಬಿಟ್ಟಿತ್ತು.

ಒಮ್ಮೆ ಉಡುಪಿ ಕಡೆಯ ಹೆಂಗಸೊಬ್ಬರು ಬಂದರು. ಅವರ ಗಂಡ ಜೆಬೆಲ್ ಅಲಿ ಬಂದರಿನ ಗೋದಾಮಿನಲ್ಲಿ ಕುಸಿದು ತೀರಿಕೊಂಡಿದ್ದರು. ಊರಿನವರೆಂದು ನಾನೇ ಮುತುವರ್ಜಿಯಿಂದ ಓಡಾಡಿ, ಅಂದೇ ಕಾಗದ ಕೈಗಿತ್ತು, ಬೀಗುತ್ತ ಹೇಳಿದೆ:

“ಖಲಾಸ್, ಅಕ್ಕ!”

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಬಿದ್ದಾಗಿತ್ತು. ಅವರು ಕಾಗದವನ್ನು ಮೆಲ್ಲನೆ ಮಡಚಿದರು.

“ಹೌದು ಮಾರಾಯ್ರೆ, ಅವರು ಹೋದ ದಿನ ಫೋನ್ ಮಾಡಿದವರು ಸಹ ಇಷ್ಟೇ ಹೇಳಿದ್ದು.”