ಸಾವ್ಕಾರರ ಟಿವಿಗೆ ಇಂಟರ್ನೆಟ್ ಹಾಕಿದ ಶಮಾ

ಬಳ್ಳಾರಿಯ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ಮೊನ್ನೆ ಮೊನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವರು ಕಪ್ಪು ಗಾಜಿನ ಕಾರು ಹತ್ತಿ, ಹಳೆಯ ಗೆಳೆಯರ ಗುರುತು ಸಿಗದವರಂತೆ ಓಡಾಡತೊಡಗಿದ್ದರು. ಪಾರ್ವತಿನಗರದಲ್ಲಿ ಬಂಗಲೆಯ ಪಕ್ಕಕ್ಕೆ ಬಂಗಲೆ ಎದ್ದಿತು. ಬಂಗಲೆ ಎಂದ ಮೇಲೆ ಗೋಡೆ ತುಂಬ ಟಿವಿ ಬೇಡವೇ? ಟಿವಿಯ ಕೆಳಗೆ ಒಂದು ಕಂಪ್ಯೂಟರ್ ಅಡಗಿಸಿಟ್ಟು, ಸಿನಿಮಾ, ಹಾಡು, ಮದುವೆಯ ಫೋಟೋ ಎಲ್ಲವನ್ನೂ ಒಂದೇ ರಿಮೋಟಿನಲ್ಲಿ ತೋರಿಸುವ ಮೀಡಿಯಾ ಸೆಂಟರ್ ಹಾಕಿಸುವ ಖಯಾಲಿಯೂ ಶುರುವಾಯಿತು. ಆ ಖಯಾಲಿಯಿಂದ ಹೊಟ್ಟೆ ಹೊರೆದುಕೊಂಡವರಲ್ಲಿ ಕೌಲ್‌ಬಜಾರಿನ ಶಮಾ ಒಬ್ಬಳು.

ಶಮಾಳ ತಂದೆ ಮಹಮ್ಮದ್ ಗೌಸ್ ರೇಡಿಯೊ ರಿಪೇರಿಯವರು. ಅವರ ಕಣ್ಣು ಮಂಜಾದ ಮೇಲೆ ಅಂಗಡಿಯ ಸ್ಟೂಲಿನ ಮೇಲೆ ಮಗಳು ಕೂತಳು. ರೇಡಿಯೊ ಹೋಗಿ ಕಂಪ್ಯೂಟರ್ ಬಂದಾಗ ಅದನ್ನೂ ಬಿಚ್ಚಿ, ಜೋಡಿಸಿ, ಕಲಿತಳು. ಅವಳಿಗಿಂತ ಕೈ ಪಳಗಿದ ಗಂಡಸರು ಊರಿನಲ್ಲಿ ಹತ್ತು ಜನವಾದರೂ ಇದ್ದರು. ಆದರೂ ದೊಡ್ಡ ಮನೆಗಳಿಂದ ಕರೆ ಬರುತ್ತಿದ್ದುದು ಇವಳಿಗೇ. ಟಿವಿ ಇರುತ್ತಿದ್ದುದು ಮಹಡಿಯ ಮೇಲೆ, ಹೆಂಗಸರ ಹಾಲಿನಲ್ಲಿ. ಮನೆಯ ಗಂಡಸರು ಗಣಿಗೆ ಹೋಗಿದ್ದಾಗ ಹೊರಗಿನ ಗಂಡಸು ಆ ಮೆಟ್ಟಿಲು ಹತ್ತುವಂತಿರಲಿಲ್ಲ. ಸಾವ್ಕಾರರ ಈ ಬಿಗುಮಾನವೇ ಶಮಾಳಿಗೆ ಅನ್ನವಾಯಿತು.

ಬುರ್ಖಾ ತೊಟ್ಟು, ಹೆಗಲಿಗೆ ಟೂಲ್ ಬ್ಯಾಗ್ ಹಾಕಿಕೊಂಡು ಒಬ್ಬಳೇ ಆಟೊ ಹತ್ತುವ ಅವಳನ್ನು ಓಣಿಯವರು ಗಟ್ಟಿಗಿತ್ತಿ ಎನ್ನುತ್ತಿದ್ದರು. ಶುದ್ಧ ಸುಳ್ಳು. ಶಮಾ ಮಹಾ ಪುಕ್ಕಲಿ. ಗೇಟಿನ ನಾಯಿಗೆ ಹೆದರುತ್ತಿದ್ದಳು, ವಾಚ್‌ಮನ್‌ಗೆ ಹೆದರುತ್ತಿದ್ದಳು, ಸೋಫಾದ ಮೇಲೆ ಬಿದ್ದಿರುತ್ತಿದ್ದ ಪಿಸ್ತೂಲಿನ ಚರ್ಮದ ಚೀಲ ಕಂಡರಂತೂ ಕೈಯಲ್ಲಿನ ಸ್ಕ್ರೂ ಜಾರುತ್ತಿತ್ತು. ಆ ಭಯಕ್ಕೆ ಅಪ್ಪ ಕಲಿಸಿದ ಒಂದೇ ಮದ್ದು ಅವಳಲ್ಲಿತ್ತು: ಬಾಯಿ ಬಿಡಬಾರದು. "ವೈರ್ ನೋಡು, ಮಾರಿ ನೋಡಬ್ಯಾಡ. ಅವ್ರ ಮನಿ ಮಾತು ನಮಗ್ಯಾಕ" ಎನ್ನುತ್ತಿದ್ದರು ಗೌಸ್. ಹದಿಮೂರು ಬಂಗಲೆಗಳಲ್ಲಿ ಅವಳು ಹಾಗೆಯೇ ಕೆಲಸ ಮುಗಿಸಿ ಬಂದಿದ್ದಳು.

ಹದಿನಾಲ್ಕನೆಯದು ವಿರೂಪಾಕ್ಷಪ್ಪನವರ ಮನೆ. ಕುರುಗೋಡಿನವರು. ಒಂದು ಕಾಲಕ್ಕೆ ಸಿರುಗುಪ್ಪದ ಭತ್ತ ಹೊರುವ ಎರಡು ಲಾರಿ ಇಟ್ಟುಕೊಂಡಿದ್ದವರು, ಈಗ ಅದಿರು ಹೊರುವ ನಲವತ್ತು ಲಾರಿಗಳ ಧಣಿ. ಅವರ ಸೊಸೆ ಶಾಂಭವಿ ದೇಶನೂರಿನ ಗದ್ದೆ ಮನೆತನದವಳು, ಬಿ.ಎ. ಓದಿದವಳು, ಒಂದು ಕೂಸಿನ ತಾಯಿ. ಅವಳ ಕೈಗೆ ಮೊಬೈಲ್ ಕೊಟ್ಟಿರಲಿಲ್ಲ, ಗಂಡನ ಕಂಪ್ಯೂಟರ್ ಮುಟ್ಟುವಂತಿರಲಿಲ್ಲ. ಟಿವಿ ಮಾತ್ರ ಎಷ್ಟು ಬೇಕಾದರೂ ನೋಡಬಹುದಿತ್ತು. "ಶಮಾ, ಇದರಾಗ ಇಂಟರ್ನೆಟ್ ಬರಂಗ ಮಾಡಾಕ ಆಗಂಗಿಲ್ಲೇನು? ಅಡಿಗಿ ಗಿಡಿಗಿ ನೋಡ್ಬೇಕು" ಎಂದು ಒಮ್ಮೆ ಕೇಳಿದಳು. ಅಡುಗೆ ಎಂದಾಗ ಮಾವನೂ ಹ್ಞೂಂ ಎಂದರು.

ಆ ಮೀಡಿಯಾ ಸೆಂಟರಿನಲ್ಲಿ ಇಂಟರ್ನೆಟ್ ಇರಲಿಲ್ಲ. ಬೇಕೆಂದರೆ ಅದನ್ನು ಮುಚ್ಚಿ, ಕೀಬೋರ್ಡು, ಮೌಸು ತಂದು ಹರಡಿಕೊಂಡು ಕೂರಬೇಕಿತ್ತು. ಶಮಾ ಮೂರು ವಾರ ತಲೆ ಕೆಡಿಸಿಕೊಂಡು ಒಂದು ಸಣ್ಣ ಬ್ರೌಸರ್ ಅದರೊಳಗೇ ಸೇರಿಸಿದಳು. ಸಿನಿಮಾ, ಹಾಡು, ಫೋಟೋ ಎಂಬ ಮೂರು ಹೆಸರುಗಳ ಕೆಳಗೆ ಇಂಟರ್ನೆಟ್ ಎಂಬ ನಾಲ್ಕನೆಯದು ಮೂಡಿದ ದಿನ ಅವಳಿಗಾದ ಹಿಗ್ಗು ಅಷ್ಟಿಷ್ಟಲ್ಲ. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಆರಿಸುವುದು ಬೇಸರದ ಕೆಲಸವೆಂದು, ತಾನಾಗಿಯೇ ಇನ್ನೊಂದು ಅನುಕೂಲವನ್ನೂ ಮಾಡಿಟ್ಟಳು. ಒಮ್ಮೆ ತೆರೆದ ಪುಟಗಳೆಲ್ಲ ಮುಂದಿನ ಸಲ ದೊಡ್ಡ ಅಕ್ಷರದಲ್ಲಿ, ನೋಡಿದ ದಿನ ಹೊತ್ತಿನ ಸಮೇತ, ಸಾಲಾಗಿ ಬರುತ್ತಿದ್ದವು. ಯಾರೂ ಕೇಳದ ಉಪಕಾರ ಅದು. ಹಾಲಿನ ಗೋಡೆಯ ಮೇಲೆ ಅದನ್ನು ಇಡೀ ಮನೆ ಓದಬಹುದೆಂದು ಆ ಜಾಣೆಗೆ ಹೊಳೆಯಲೇ ಇಲ್ಲ.

ಎರಡು ತಿಂಗಳ ಮೇಲೆ ಒಂದು ಗುರುವಾರ ಬೆಳಗ್ಗೆ ಸಾವ್ಕಾರರೇ ಫೋನ್ ಮಾಡಿ ಕರೆಸಿದರು. ಶಮಾ ಮಹಡಿ ಹತ್ತಿದಾಗ ವಿರೂಪಾಕ್ಷಪ್ಪ ಟಿವಿಯ ಮುಂದೆ ಕೂತಿದ್ದರು. ಆ ಹಾಲಿನಲ್ಲಿ ಹಗಲುಹೊತ್ತು ಅವರನ್ನು ಅವಳು ಎಂದೂ ಕಂಡಿರಲಿಲ್ಲ.

ಪರದೆಯ ಮೇಲೆ ಅವಳೇ ಮಾಡಿಟ್ಟಿದ್ದ ನೋಡಿದ ಪುಟಗಳ ಸಾಲು ನಿಂತಿತ್ತು. ಹೋಳಿಗೆ ಮಾಡುವ ಬಗೆ, ರೇಷ್ಮೆ ಸೀರೆ, ಮಕ್ಕಳ ಹಾಡು. ನಾಲ್ಕನೆಯದು, ಕಂಪನಿಗಳ ಮಾಲೀಕರು ಯಾರೆಂದು ತೋರಿಸುವ ಸರ್ಕಾರಿ ಪುಟ. ಅದರಲ್ಲಿ ಸಾವ್ಕಾರರ ಕಂಪನಿಯೊಂದರ ಹೆಸರು. ಕೆಳಗೆ: ಮಂಗಳವಾರ, ಮಧ್ಯಾಹ್ನ ಮೂರು ಹತ್ತು.

"ಇದನ್ನ ತೆಗೆದವ್ರು ಯಾರು?" ವಿರೂಪಾಕ್ಷಪ್ಪ ಮೆತ್ತಗೆ ಕೇಳಿದರು. ಅವರು ಕೂಗಾಡುವ ಮನುಷ್ಯರಾಗಿದ್ದರೆ ಶಮಾ ಇಷ್ಟು ಹೆದರುತ್ತಿರಲಿಲ್ಲವೇನೋ.

"ಯಾರಂತ ಬರೂದಿಲ್ರಿ ಸಾವ್ಕಾರ್ರ. ಹೊತ್ತಷ್ಟ ಬರ್ತೈತ್ರಿ."

"ಹೊತ್ತು ನನಗೂ ಕಾಣ್ತೈತಿ. ಮಂಗಳವಾರ ನಾನಿಲ್ಲ, ನನ್ನ ಮಗ ಇಲ್ಲ. ಮ್ಯಾಲಿಂದ ಅಧಿಕಾರಿಗಳು ಇಂಥಾವ ಕಾಗದ ಹುಡುಕ್ಕೊಂತ ಬಂದಾರ. ನನ್ನ ಮನಿಯಾಗ ಅವ್ರ ಕಿವಿ ಯಾವುದು ಅಂತ ನನಗ ಗೊತ್ತಾಗ್ಬೇಕು. ಈ ರಿಮೋಟ್ ಹಿಡಿಯೂದು ಯಾರ್‍ಯಾರಿಗೆ ಕಲಿಸಿದಿ?"

ಕಲಿಸಿದ್ದು ಒಬ್ಬಳಿಗೇ. ಆ ಒಬ್ಬಳು ಅಡುಗೆಮನೆಯ ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ನಿಂತಿದ್ದಳು. ಶಮಾ ಅತ್ತ ನೋಡಲಿಲ್ಲ.

"ಯಾರಿಗೂ ಇಲ್ರಿ" ಎಂದಳು.

"ಸೊಸಿ ನೋಡೂದು ಅಡಿಗಿ ಅಷ್ಟ. ಹಂಗಾರ ಮಾರೆಣ್ಣನ. ಈ ಹಾಲ್ ಕಸ ಹೊಡಿಯಾಂವ ಅವನ. ಅವನ ಮಗಳು ಕಂಪ್ಯೂಟರ್ ಕ್ಲಾಸಿಗೆ ಹೋಗ್ತಾಳ" ಎಂದು ವಿರೂಪಾಕ್ಷಪ್ಪ ಕೆಳಗಿನಿಂದ ಮಾರೆಣ್ಣನನ್ನು ಕೂಗಿ ಕರೆಸಿದರು. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ದುಡಿಯುತ್ತಿದ್ದ ಆಳು, ಬಾಗಿಲ ಹತ್ತಿರವೇ ಕೈಕಟ್ಟಿ ನಿಂತ. "ಧಣಿ, ಸೂರ್ಯದೇವ್ರ ಸಾಕ್ಷಿ, ನನಗ ಆ ಡಬ್ಬಿ ಹಚ್ಚಾಕ ಸೈತ ಬರಂಗಿಲ್ರಿ" ಎಂದ.

"ಆತು ಬಿಡು. ನಮ್ಮ ಹುಡುಗ್ರು ನಿನ್ನನ್ನ ಯಾರ್ಡಿಗೆ ಕರ್ಕೊಂಡು ಹೋಗಿ ಕೇಳ್ತಾರ."

ಅದಿರು ರಾಶಿ ಹಾಕುವ ಯಾರ್ಡಿನಲ್ಲಿ ಕೇಳುವುದೆಂದರೆ ಏನೆಂದು ಬಳ್ಳಾರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷ ಹಾಗೆ ಕೇಳಿಸಿಕೊಂಡು ಬಂದ ಒಬ್ಬ ಡ್ರೈವರ್ ಇನ್ನೂ ಕೋಲು ಹಿಡಿದು ನಡೆಯುತ್ತಿದ್ದ. ನಾನೇ ಪರೀಕ್ಷೆಗೆಂದು ತೆಗೆದು ನೋಡಿದ್ದೆ ಅಂದುಬಿಟ್ಟರೆ? ಮಾತು ಶಮಾಳ ನಾಲಿಗೆಯ ತುದಿಗೆ ಬಂತು. ಆಮೇಲೆ ಆ ಯಾರ್ಡು, ಮಂಜುಗಣ್ಣಿನ ಅಪ್ಪ, ಅಂಗಡಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹೇಳಬೇಕಾಗಿತ್ತು. ಹೇಳಲಿಲ್ಲ. ಅವಳು ವೈರ್ ನೋಡುತ್ತ ನಿಂತಳು.

ಶಾಂಭವಿ ಟ್ರೇಯನ್ನು ಟೀಪಾಯಿಯ ಮೇಲೆ ಇಟ್ಟಳು. "ಮಾರೆಣ್ಣನ್ನ ಬಿಡ್ರಿ ಮಾವಾರ. ನಾನ ನೋಡಿದ್ದು. ಆ ಕಂಪನಿದು ನೋಟಿಸ್ ನನ್ನ ಹೆಸರಿನ ಮ್ಯಾಲೆ ಬಂದೈತಿ ಅಂತ ಇವ್ರು ಫೋನಿನಾಗ ಮಾತಾಡಿದ್ದು ಕೇಳಿಸ್ತು. ಕಂಪನಿ ಹೆಸರು ಹೊಡೆದು ನೋಡಿದೆ. ಮಾಲೀಕರಾಗ ಮೊದಲ ಹೆಸರು ನಂದ."

ವಿರೂಪಾಕ್ಷಪ್ಪ ಚಹಾ ಎತ್ತಿಕೊಂಡು, ಊದಿ, ಒಂದು ಗುಟುಕು ಕುಡಿದರು. "ನಿನ್ನ ಹೆಸರಿನಾಗ ಲಕ್ಷ್ಮಿ ಕುಂತಾಳವಾ. ಅದನ್ನ ಟಿವಿಗೆ ಯಾಕ ಕೇಳಾಕ ಹೋದಿ?" ಎಂದರು. ಕಪ್ಪು ಕೆಳಗಿಟ್ಟು ಎದ್ದರು. "ನಿಮ್ಮಪ್ಪಗ ಫೋನ್ ಮಾಡ್ತೀನಿ. ಸಂಜಿಗೆ ದೇಶನೂರಿಗೆ ಹೋಗು. ಕೂಸು ಇಲ್ಲೇ ಇರ್ಲಿ. ಏ ಹುಡುಗಿ, ನೀನು ಆ ಇಂಟರ್ನೆಟ್ ಕಿತ್ತುಹಾಕು. ಈಗ." ಮಾರೆಣ್ಣನನ್ನು ಮುಂದೆ ಮಾಡಿಕೊಂಡು ಮೆಟ್ಟಿಲಿಳಿದರು.

ಶಮಾ ಬ್ಯಾಗಿನಿಂದ ಕೀಬೋರ್ಡ್ ತೆಗೆದು ಸಿಕ್ಕಿಸಿದಳು. ಕೆಲಸ ಮುಗಿಸಿ ಓಡಿಹೋಗಬೇಕು, ಅಷ್ಟೇ ಅವಳ ತಲೆಯಲ್ಲಿದ್ದುದು. ಶಾಂಭವಿ ಪಕ್ಕಕ್ಕೆ ಬಂದು ಕುಕ್ಕರುಗಾಲಿನಲ್ಲಿ ಕೂತಳು. ಅಳುತ್ತಿರಲಿಲ್ಲ. ಕೆನ್ನೆ ಮಾತ್ರ ಬಿಳಿಚಿಕೊಂಡಿತ್ತು.

"ಶಮಾ, ತೆಗಿಯೂಕ್ಕಿಂತ ಮೊದಲ ಒಂದು ಸಲ ಆ ಪುಟ ತೋರಿಸು. ನನ್ನ ಹೆಸರು ಮ್ಯಾಲೆ ಐತಿ. ಕೆಳಗ ಇನ್ನೂ ಅದಾವ. ರಿಮೋಟ್ ಎಷ್ಟು ಒತ್ತಿದ್ರೂ ಸರಿಯಂಗಿಲ್ಲ. ಜೈಲಿಗೆ ಹೋಗಾಕಿ ನಾನೊಬ್ಬಾಕಿನ ಏನು, ಜೋಡಿ ಯಾರರ ಅದಾರೇನು?"

"ಬ್ಯಾಡಕ್ಕ. ನಿಮ್ಮ ಮನಿ ವಿಷಯ, ನನಗ್ಯಾಕ..."

ಮಾವನ ಮುಂದೆ ಶಾಂಭವಿಯ ಬಾಯಿಂದ ತನ್ನ ಹೆಸರು ಬಂದಿರಲಿಲ್ಲವೆಂಬುದು ಶಮಾಳಿಗೆ ಆಗ ಹೊಳೆಯಿತು. ಕಲಿಸಿದವಳು ಇವಳೇ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾಚಿಕೆಯಿಂದ ಶಮಾಳ ಮುಖ ಬಿಸಿಯಾಯಿತು. ಅವಳು ಪುಟ ತೆರೆದು, ಕೀಲಿ ಒತ್ತಿ, ಕೆಳಗೆ ಸರಿಸಿದಳು.

ಮೊದಲನೆಯದು ಶಾಂಭವಿ. ಎರಡನೆಯದು ಮಾರೆಣ್ಣ. ಹೌದು, ಈಗಷ್ಟೇ ಕೈಕಟ್ಟಿ ನಿಂತಿದ್ದ ಆ ಮಾರೆಣ್ಣನೇ, ತಂದೆಯ ಹೆಸರಿನ ಸಮೇತ. ಮೂರನೆಯದು ಶಮಾ, ತಂದೆ ಮಹಮ್ಮದ್ ಗೌಸ್, ಕೌಲ್‌ಬಜಾರ್, ಬಳ್ಳಾರಿ.

ಅವಳು ಎರಡು ಸಲ ಓದಿದಳು. ಮೊದಲ ಬಿಲ್ಲಿನ ದಿನ ಕೆಳಗಿನ ಆಫೀಸಿನಲ್ಲಿ ಪ್ಯಾನ್ ಕಾರ್ಡ್ ಇಲ್ಲದೆ ಚೆಕ್ ಬರೆಯುವಂತಿಲ್ಲ, ನಾವೇ ಮಾಡಿಸಿಕೊಡುತ್ತೇವೆ ಎಂದಿದ್ದರು. ಪೆನ್ಸಿಲ್ ಗುರುತು ಮಾಡಿದ ಕಡೆಯೆಲ್ಲ ಸಹಿ ಹಾಕಿ, ಫೋಟೋ ಕೊಟ್ಟು, ಉಪಕಾರವಾಯಿತು ಎಂದು ಕೈ ಬೇರೆ ಮುಗಿದು ಬಂದಿದ್ದಳು. ಬಾಯಿ ಮುಚ್ಚಿಕೊಂಡು ದೂರ ಉಳಿದೆನೆಂದು ಅವಳು ತಿಳಿದಿದ್ದ ಮನೆಯ ಕಂಪನಿಗೆ ಎಂಟು ತಿಂಗಳಿಂದ ಅವಳೂ ಒಬ್ಬಳು ಮಾಲೀಕಳು.

"ಆತೇನು ಹುಡುಗಿ?" ಕೆಳಗಿನಿಂದ ಸಾವ್ಕಾರರ ದನಿ ಬಂತು.

ಶಮಾ ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ. "ಇಲ್ರಿ ಸಾವ್ಕಾರ್ರ, ಇನ್ನೂ ಹೊತ್ತು ಹಿಡಿತೈತ್ರಿ" ಎಂದು ಕೂಗಿದಳು. ಶಾಂಭವಿಯ ಕಡೆ ತಿರುಗಿ, "ಪೆನ್ ತೊಗೊಳ್ರಿ ಅಕ್ಕ. ಇನ್ನೂ ಭಾಳ ಹೆಸರು ಅದಾವ. ಅವ್ರಿಗೂ ಹೇಳ್ಬೇಕು. ನಾ ಓದ್ತೀನಿ, ನೀವು ಬರ್ಕೊಳ್ರಿ" ಎಂದಳು.

ಶಾಂಭವಿ ಮಗುವಿನ ಚಿತ್ರದ ಪುಸ್ತಕದ ಹಿಂದಿನ ಹಾಳೆ ಹರಿದುಕೊಂಡಳು. ಅಡುಗೆಯವಳು, ಇಬ್ಬರು ಡ್ರೈವರುಗಳು, ಕುರುಗೋಡಿನ ಒಬ್ಬ ದರ್ಜಿ. ಏಳನೆಯ ಹೆಸರು ಮುಗಿದು ಎಂಟನೆಯದಕ್ಕೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಸಾವ್ಕಾರರ ಚಪ್ಪಲಿಯ ಸಪ್ಪಳ ಕೇಳಿಸಿತು. ಶಮಾ ಓದುವುದನ್ನು ನಿಲ್ಲಿಸಲಿಲ್ಲ.