ಸಡಿಲವಾದ ಉಡಿದಾರ

ನನ್ನ ಹೆಂಡತಿ ಇಂದುವಿನ ಹಾಲು ಡೇರಿಯಲ್ಲಿ ಫೇಲಾಯಿತು ಎಂದು ಮಾದಿಹಳ್ಳಿಯಲ್ಲಿ ಈಗಲೂ ಹೇಳಿಕೊಂಡು ನಗುವವರಿದ್ದಾರೆ. ಹಾಗೆ ನಕ್ಕವರ ಮೇಲೆ ಎರಡು ಸಲ ಕೈ ಎತ್ತಿಕೊಂಡು ಹೋಗಿದ್ದೇನೆ. ಆದರೆ ಆ ಮಾತು ಮೊದಲು ಹೊರಟಿದ್ದು ನನ್ನ ಬಾಯಿಂದಲೇ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಬರೆದು ಅಭ್ಯಾಸವಿಲ್ಲ. ಆದರೂ ಅವಳು ಎಂಥವಳು, ಮಗಳು ಹುಟ್ಟಿದ ಮೇಲೆ ಅವಳಿಗೆ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಯಾರಾದರೂ ಬರೆಯಬೇಕು. ನನ್ನನ್ನು ಬಿಟ್ಟು ಬೇರೆ ಯಾರೂ ಬರೆಯುವುದಿಲ್ಲ.

ಇಂದು ಜಾವಗಲ್ ಕಡೆಯವಳು. ಅವಳಿಗೆ ಹನ್ನೆರಡು ವರ್ಷವಿದ್ದಾಗಲೇ ತಾಯಿ ತೀರಿಹೋದರು. ಇಬ್ಬರು ತಮ್ಮಂದಿರಿಗೆ ಮುದ್ದೆ ಕಟ್ಟಿ ಹಾಕಿ ಸ್ಕೂಲಿಗೆ ಕಳಿಸಿ, ತಾನು ಒಂದು ಟೈಲರ್ ಅಂಗಡಿಯಲ್ಲಿ ಕೂತು ರವಿಕೆ ಹೊಲಿಯುವುದು ಕಲಿತಳು. ಟೇಪು ಹಿಡಿಯುವುದು ಕಡಿಮೆ. ಗೇಣು, ಬೆರಳು, ಕಣ್ಣು, ಇಷ್ಟೇ ಅವಳ ಅಳತೆ. ಅಳತೆ ರವಿಕೆ ಮರೆತು ಬಂದವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಬಟ್ಟೆ ಕತ್ತರಿಸುತ್ತಾಳೆ, ಅದು ಮೈಗೆ ಅಂಟಿದ ಹಾಗೆ ಕೂರುತ್ತದೆ.

ನನಗೆ ನಲವತ್ತೊಂದು ತುಂಬಿದರೂ ಹೆಣ್ಣು ಸಿಕ್ಕಿರಲಿಲ್ಲ. ಹಳ್ಳಿಯಲ್ಲಿರುವ ಗಂಡಿಗೆ ಈಗ ಹೆಣ್ಣು ಕೊಡುವವರು ಯಾರು? ಅದರ ಮೇಲೆ ತಮ್ಮಯ್ಯ ಅಂದರೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬ ಹೆಸರು ಬೇರೆ. ನೋಡಲು ಹೋದ ದಿನ ಅವಳು ಕೇಳಿದ್ದು ಒಂದೇ ಮಾತು.

"ಹೊಲಿಗೆ ಮಿಷನ್ ತರ್ತೀನಿ. ಕಿಟಕಿ ಹತ್ರ ಜಾಗ ಐತಾ?"

"ಐತೆ" ಅಂದೆ. ಮದುವೆಯಾಗಿ ಮೂರು ವರ್ಷಕ್ಕೆ ಮಗಳು ಹುಟ್ಟಿದಳು. ಎರಡು ಕೆಜಿ ಆರುನೂರು ಗ್ರಾಂ ಎಂದು ಆಸ್ಪತ್ರೆಯಲ್ಲಿ ಬರೆದುಕೊಟ್ಟರು.

ನನ್ನ ಕೆಲಸ ಊರಿನ ಡೇರಿಯಲ್ಲಿ. ಬೆಳಿಗ್ಗೆ ಸಂಜೆ ಹಾಲು ತೂಗುವುದು, ಫ್ಯಾಟ್ ನೋಡುವುದು. ಮಿಷನ್ನಿನ ಕೊಳವೆ ಕೆಳಗೆ ಸ್ವಲ್ಪ ಹಾಲು ಹಿಡಿದರೆ ಒಂದು ನಿಮಿಷಕ್ಕೆ ಅಂಕಿ ತೋರಿಸುತ್ತದೆ. ಮೂರೂವರೆಗಿಂತ ಕಡಿಮೆ ಬಂದರೆ ವಾಪಸ್. ಹತ್ತೊಂಬತ್ತು ವರ್ಷದಲ್ಲಿ ನಾನು ಅಣ್ಣ ತಮ್ಮ, ನೆಂಟ ಇಷ್ಟ ಅಂತ ನೋಡಿದವನಲ್ಲ. ಮಗಳು ಹುಟ್ಟುವ ಹಿಂದಿನ ವಾರವಷ್ಟೇ ನನ್ನ ಓರಗೆಯ ಸಿದ್ದಬಸಪ್ಪನ ಹಾಲನ್ನು ಹಿಂದಕ್ಕೆ ಕಳಿಸಿದ್ದೆ.

"ನೀರು ಹಾಕಿಲ್ಲ ಕಣ್ಲಾ ತಮ್ಮಯ್ಯ, ನನ್ನ ಮಕ್ಕಳಾಣೆ."

"ನೀರು ಹಾಕಿದ್ದೀಯ ಅಂತ ಯಾರಂದ್ರು? ಮೊದ್ಲ ಹಾಲು ಕರ್ಕೊಂಡು ಕೊನೇ ಹಾಲ್ನ ಕರುಗೆ ಬಿಟ್ಟಿದ್ದೀಯ. ಮೊದ್ಲ ಹಾಲು ಯಾವತ್ತೂ ತೆಳುವೇ. ಕೆಚ್ಚಲು ಬರಿದು ಮಾಡಿ ತಗೊಂಡು ಬಾ."

"ಕರುಗೆ ಹೊಟ್ಟೆ ಇಲ್ವೇನ್ಲಾ?"

"ಅದ್ನ ನಿನ್ನ ಕರುನೇ ಕೇಳು ಹೋಗು."

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ.

ತಾಯಿಯಿಲ್ಲದವಳಾದ್ದರಿಂದ ಇಂದುವಿನ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ನಮ್ಮವ್ವ ದ್ಯಾವಮ್ಮ ಎಂಟು ಹೆತ್ತವಳು. ಅವಳು ಹೇಳಿದ್ದೇ ಕಾನೂನು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಆದ್ದರಿಂದ ದಿನಕ್ಕೆ ಎರಡು ಸಲ ಅರ್ಧ ಲೋಟ ಬಿಸಿನೀರು, ಅಷ್ಟೇ. ಕೂಸು ಒಂದೇ ಕಡೆ ಹೆಚ್ಚು ಕುಡಿದರೆ ಅಜೀರ್ಣ, ಆದ್ದರಿಂದ ಈ ಕಡೆ ಎರಡು ಗುಟುಕು, ಆ ಕಡೆ ಎರಡು ಗುಟುಕು, ಆಮೇಲೆ ತೆಗೆದು ತೊಟ್ಟಿಲಿಗೆ. ಕೂಸನ್ನು ತೂಕ ಹಾಕಲೇಬಾರದು, ದೃಷ್ಟಿಯಾಗುತ್ತದೆ.

ಏಳನೇ ದಿನ ಆಶಾ ಕಾರ್ಯಕರ್ತೆ ಮಹದೇವಮ್ಮ ತೂಗುವ ಚೀಲ ಹಿಡಿದು ಬಂದಳು. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಮಹದೇವಮ್ಮ ಅಲ್ಲಿಂದಲೇ ನನ್ನನ್ನು ಕರೆದಳು.

"ತಮ್ಮಯ್ಯಣ್ಣ, ಮೊನ್ನೆ ಬಂದಾಗ್ಲೇ ನೋಡ್ದೆ, ಕೂಸು ತುದಿ ಮಾತ್ರ ಕಚ್ಕೊಂತೈತೆ, ಬಾಯಿ ಪೂರ್ತಿ ಹಾಕ್ತಾ ಇಲ್ಲ. ಒಂದ್ಸಲ ತೂಕ ನೋಡಾನ."

ಡೇರಿಯಲ್ಲಿ ಯಾರ ಜೊತೆಗೋ ಜಗಳವಾಡಿ ಆಗ ತಾನೇ ಮನೆಗೆ ಬಂದಿದ್ದೆ. "ದಿನಾ ಎಂಟ್ನೂರು ಲೀಟರ್ ತೂಗೋನು ನಾನು. ನಂಗೇ ತೂಕ ಹೇಳ್ಕೊಡಕ್ಕೆ ಬಂದಿದ್ದೀಯಾ? ಹೋಗಮ್ಮ, ಸಾಕು" ಅಂದೆ. ಅವಳು ಚೀಲ ಮಡಚಿಕೊಂಡು ಹೋದಳು. ಒಳಗೆ ಇಂದು ಕೂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು.

ಹನ್ನೊಂದನೇ ದಿನ ಸೂತಕ ಕಳೆದು ಕೂಸಿನ ಸೊಂಟಕ್ಕೆ ಉಡಿದಾರ ಕಟ್ಟಿದರು. ಅಂಗಡಿಯದು ಬೇಡವೆಂದು ಇಂದು ತನ್ನ ಹೊಲಿಗೆ ಪೆಟ್ಟಿಗೆಯ ಕರಿ ದಾರವನ್ನು ಏಳು ಎಳೆ ಹೊಸೆದು ತಾನೇ ಮಾಡಿದ್ದಳು. ಒಂದು ಬೆರಳು ಆಡುವಷ್ಟು ಜಾಗ ಬಿಟ್ಟು ಗಂಟು ಹಾಕಿದಳು. ಹದಿನೈದನೇ ದಿನ ಬೆಳಿಗ್ಗೆ ನನ್ನನ್ನು ಕೋಣೆಯ ಬಾಗಿಲಿಗೆ ಕರೆದಳು.

"ರೀ, ಇಲ್ಲಿ ನೋಡಿ. ಎರಡು ಬೆರಳು ಹೋಗ್ತೈತೆ."

"ದಾರ ಹಿಗ್ಗಿರ್ತೈತೆ ಬಿಡು."

"ಇದು ಹಿಗ್ಗೋ ದಾರ ಅಲ್ಲ ಕಣ್ರೀ. ಕೂಸು ಕರಗೈತೆ."

ಅವ್ವ ಕೂಗಿಕೊಳ್ಳುತ್ತಿದ್ದರೂ ಕೇಳದೆ ಕೂಸನ್ನು ಟವಲಿನಲ್ಲಿ ಸುತ್ತಿಕೊಂಡು ಡೇರಿಗೆ ಹೋದೆ. ಹಾಲಿನ ಕ್ಯಾನು ಇಡುವ ತೂಕದ ಮಿಷನ್ನಿನ ಮೇಲೆ ಮಗಳನ್ನು ಮಲಗಿಸಿದೆ. ಟವಲಿನ ತೂಕ ಕಳೆದು ಎರಡು ಕೆಜಿ ಇನ್ನೂರ ಎಂಬತ್ತು. ತೆಗೆದು ಮತ್ತೆ ಇಟ್ಟೆ. ಕೂಸನ್ನು ತೋಳಿನ ಮೇಲೆ ಹಾಕಿಕೊಂಡು ಒಂದು ಕೆಜಿ ಕಲ್ಲು ಇಟ್ಟು ನೋಡಿದೆ. ಮಿಷನ್ ಸರಿಯಾಗೇ ತೋರಿಸುತ್ತಿತ್ತು. ಹುಟ್ಟಿದಾಗ ಇದ್ದದ್ದರಲ್ಲಿ ಮುನ್ನೂರ ಇಪ್ಪತ್ತು ಗ್ರಾಂ ಎಲ್ಲಿ ಹೋಯಿತು? ಹಾಲು ಕುಡಿದ ಕೂಸು ಬೆಳೆಯಬೇಕು. ಬೆಳೆಯದಿದ್ದರೆ ಹಾಲೇ ಸರಿಯಿಲ್ಲ. ನನ್ನ ತಲೆ ಓಡಿದ್ದು ಅಷ್ಟೇ.

ಮನೆಗೆ ಬಂದವನು ಸ್ಟೀಲ್ ಲೋಟ ಇಂದುವಿನ ಮುಂದೆ ಇಟ್ಟೆ.

"ಕೂಸಿಗೆ ಕೊಡೋಕೆ ಮುಂಚೆ ಇದಕ್ಕೊಂಚೂರು ಹಾಲು ಹಿಂಡ್ಕೊಡು."

"ಯಾಕ್ರೀ?"

"ಕೊಡು ಅಂದ್ರೆ ಕೊಡು."

ಅವಳು ಗೋಡೆ ಕಡೆ ತಿರುಗಿ ಹಿಂಡಿಕೊಟ್ಟಳು. ಅದನ್ನು ಡೇರಿಗೆ ತಂದು ಫ್ಯಾಟ್ ಮಿಷನ್ನಿಗೆ ಹಿಡಿದೆ. ಒಂದೂ ಆರು ಬಂತು, ಅಂದರೆ ಒಂದು ಪಾಯಿಂಟ್ ಆರು. ಕ್ಯಾನು ತೊಳೆಯುತ್ತಿದ್ದ ಸಿದ್ದಬಸಪ್ಪ ನನ್ನ ಹೆಗಲ ಮೇಲಿಂದ ಇಣುಕಿದ.

"ಯಾರ್ದ್ಲಾ ಅದು, ಒಂದೂ ಆರು? ಇದ್ರ ಮುಂದೆ ನಂದೇ ವಾಸಿ."

"ನಮ್ಮನೇದು" ಎಂದುಬಿಟ್ಟೆ. ಕೈಯಲ್ಲಿದ್ದ ಪುಟ್ಟ ಲೋಟ ನೋಡಿ ಅವನಿಗೆ ಅರ್ಥವಾಯಿತು. ಮಧ್ಯಾಹ್ನದ ಹೊತ್ತಿಗೆ ಊರಿಗೇ ಅರ್ಥವಾಯಿತು.

ಮನೆಗೆ ಬಂದು ನಾನು ಆಡಿದ ಮಾತನ್ನು ಹಾಗೇ ಬರೆಯುತ್ತೇನೆ. "ನಿಂದು ಹಾಲಲ್ಲ, ನೀರು. ಡೇರಿಗೆ ಯಾರಾದ್ರೂ ತಂದಿದ್ರೆ ಮೋರಿಗೆ ಚೆಲ್ಲಿಸ್ತಿದ್ದೆ."

ಆಗ ಕೂಸು ಅವಳ ಎದೆಯಲ್ಲಿತ್ತು. ಇಂದು ಕೂಸಿನ ಬಾಯಿ ಬಿಡಿಸಿ ಅವ್ವನ ಕೈಗೆ ಕೊಟ್ಟು ರವಿಕೆಯ ಗುಂಡಿ ಹಾಕಿಕೊಂಡಳು. ಅವತ್ತಿನಿಂದ ಅವ್ವ ಒಳಲೆಯಲ್ಲಿ ಕೂಸಿನ ಬಾಯಿಗೆ ನಮ್ಮ ಕೆಂದ ಹಸುವಿನ ಹಾಲು ಹುಯ್ಯತೊಡಗಿದಳು. ನಾಲ್ಕೂ ಎರಡು ಫ್ಯಾಟಿನ ಹಾಲು, ನಾನೇ ನೋಡಿ ಕಳಿಸುತ್ತಿದ್ದೆ.

ಇಂದುವಿಗೆ ಎದೆ ಕಲ್ಲಾಗಿ ಜ್ವರ ಬಂತು. ದಿನಕ್ಕೆ ಮೂರು ರವಿಕೆ ನೆನೆದುಹೋಗುತ್ತಿದ್ದವು. ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲಿ ಬರುತ್ತಿದ್ದಳು. ಅವಳ ಹಿಂದೆಯೇ ಬಚ್ಚಲಿಗೆ ಹೋದಾಗ ಕಲ್ಲಿನ ಮೇಲೆ ಬಿಳಿ ಕಲೆ ಕಂಡರೂ ನಾನು ಸುಮ್ಮನೆ ನೀರು ಹುಯ್ದು ಬಂದೆ. ನಾಲ್ಕನೇ ದಿನಕ್ಕೆ ರವಿಕೆ ನೆನೆಯುವುದು ನಿಂತಿತು.

ಕೂಸು ಕುಡಿದದ್ದನ್ನೆಲ್ಲ ಕಕ್ಕಿತು. ಹಸಿರು ಭೇದಿ ಶುರುವಾಯಿತು. ಅವ್ವ ಬಜೆ ತೇದು ನೆಕ್ಕಿಸಿದಳು, ಮೆಣಸಿನಕಾಯಿ ನಿವಾಳಿಸಿದಳು. ಇಪ್ಪತ್ತನೇ ದಿನ ಬೆಳಿಗ್ಗೆ ಮಗಳು ಅಳಲಿಲ್ಲ. ಅಳುವ ಹಾಗೆ ಬಾಯಿ ತೆರೆಯುತ್ತಿದ್ದಳು, ಸದ್ದು ಬರುತ್ತಿರಲಿಲ್ಲ. ಬಟ್ಟೆ ಬದಲಿಸಲು ಇಂದು ಅವಳನ್ನು ಎತ್ತಿದಾಗ ಉಡಿದಾರ ಸೊಂಟದಿಂದ ಜಾರಿ, ತೊಡೆ ಮೇಲಿಂದ ಇಳಿದು, ಗಂಟು ಬಿಚ್ಚದೆಯೇ ಕಾಲಿನಿಂದ ಕಳಚಿ ಅವಳ ಮಡಿಲಿಗೆ ಬಿತ್ತು.

ಇಂದು ಅದನ್ನು ಎತ್ತಿ ತನ್ನ ಕೈಗೆ ಬಳೆಯ ಹಾಗೆ ಎರಡು ಸುತ್ತು ಸುತ್ತಿಕೊಂಡಳು. ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು ಎದ್ದಳು.

"ಬಾಣಂತಿ ಹೊಸ್ಲು ದಾಟ್‌ಬಾರ್ದು ಕಣೇ" ಎಂದು ಅವ್ವ ಸೆರಗು ಹಿಡಿದಳು.

"ಬಿಡಿ ಅತ್ತೆ" ಅಂದಳು ಇಂದು. ಅಷ್ಟೇ. ತಲೆಗೆ ಬಟ್ಟೆಯಿಲ್ಲದೆ, ಕಾಲಿಗೆ ಚಪ್ಪಲಿಯಿಲ್ಲದೆ ಬೀದಿಗಿಳಿದು ನೆಟ್ಟಗೆ ಮಹದೇವಮ್ಮನ ಮನೆಗೆ ನಡೆದಳು. ನಾನು ಹಿಂದೆ ಕೂಗಾಡುತ್ತಾ ಓಡಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ಮಹದೇವಮ್ಮ ಕೂಸನ್ನು ನೋಡಿದವಳು ನನ್ನ ಮುಖವನ್ನೂ ನೋಡದೆ ಆಂಬುಲೆನ್ಸಿಗೆ ಫೋನು ಮಾಡಿದಳು.

ಹಾಸನದ ಆಸ್ಪತ್ರೆಯಲ್ಲಿ ಮಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ ಮೂಗಿಗೆ ಸಣ್ಣ ನಳಿಕೆ ಹಾಕಿದರು. ಎರಡು ಕೆಜಿ ಅರವತ್ತು ಗ್ರಾಂ. ನಾಳೆ ಸಂಜೆಯವರೆಗೆ ಏನೂ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಒಬ್ಬ ನರ್ಸಮ್ಮ ಹಾಳೆ ಹಿಡಿದು ಬಂದು ಇಂದುವಿನ ಪಕ್ಕ ಕೂತರು.

"ಎದೆಹಾಲು ಯಾಕೆ ನಿಲ್ಲಿಸಿದ್ರಿ?"

"ಫೇಲಾಯ್ತು ಮೇಡಂ."

"ಏನಾಯ್ತು?"

"ಡೇರೀಲಿ ಫೇಲಾಯ್ತು."

ನರ್ಸಮ್ಮ ನನ್ನ ಕಡೆ ತಿರುಗಿದರು. "ನಾನೇ ಟೆಸ್ಟ್ ಮಾಡಿದ್ದು. ಒಂದೂ ಆರು ಬಂತು" ಅಂದೆ.

"ದನದ ಹಾಲು ನೋಡೋ ಮಿಷನ್ನಲ್ಲಿ ಇವರ ಹಾಲು ನೋಡಿದ್ರಾ? ಅದು ಸರಿಯಾಗಿ ಹೇಳುತ್ತೆ ಅಂತ ಯಾರು ಹೇಳಿದ್ರು ನಿಮಗೆ?"

ಸಿಟ್ಟು ಬಂತು. ಹತ್ತೊಂಬತ್ತು ವರ್ಷ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಇನ್ನೊಂದು ಕೇಳಿದರು.

"ಹಿಂಡಿದ್ದು ಮಗುಗೆ ಕುಡಿಸೋಕೆ ಮುಂಚೆನಾ, ಕುಡಿಸಿ ಆದ್ಮೇಲಾ?"

"ಮುಂಚೆ" ಅಂದೆ. ಸಿದ್ದಬಸಪ್ಪನ ಕ್ಯಾನು ಕಣ್ಣ ಮುಂದೆ ಬಂತು. ಮೊದಲ ಹಾಲು ಯಾವತ್ತೂ ತೆಳುವೇ. ಊರಿಗೆಲ್ಲ ಅದನ್ನು ಹೇಳಿಕೊಟ್ಟವನು ನಾನೇ. ಹಸುವಿನ ವಿಷಯದಲ್ಲಿ ಗೊತ್ತಿದ್ದದ್ದು ಹೆಂಡತಿಯ ವಿಷಯದಲ್ಲಿ ನೆನಪಾಗಲಿಲ್ಲ.

ನರ್ಸಮ್ಮ ಬಿಡಿಸಿ ಹೇಳಿದರು. ಕೂಸು ಬಾಯಿ ಅಗಲಿಸಿ ಹಿಡಿಯದೆ ತುದಿಯನ್ನಷ್ಟೇ ಚೀಪಿದೆ. ಸಿಕ್ಕಿದ್ದೇ ಸ್ವಲ್ಪ. ಅದರಲ್ಲೂ ಈ ಕಡೆ ಎರಡು ಗುಟುಕು, ಆ ಕಡೆ ಎರಡು ಗುಟುಕು ಎಂದು ಬಿಡಿಸಿದ್ದರಿಂದ ಗಟ್ಟಿ ಹಾಲು ಬರುವ ಹೊತ್ತಿಗೆ ಕೂಸು ತೊಟ್ಟಿಲಲ್ಲಿ. ತಾಯಿಗೆ ನೀರಿಲ್ಲ. ಮೇಲೆ ದನದ ಹಾಲು. ಇಂದುವಿನಲ್ಲಿ ಏನೂ ಕೊರತೆ ಇರಲಿಲ್ಲ.

"ಈಗ ಬತ್ತೋಗೈತಲ್ಲ ಮೇಡಂ" ಅಂದಳು ಇಂದು.

"ಎರಡು ಗಂಟೆಗೊಂದ್ಸಲ ಹಿಂಡ್ತಾ ಇರಬೇಕು. ಬರಬಹುದು."

ಬರುತ್ತದೆ ಎನ್ನಲಿಲ್ಲ, ಬರಬಹುದು ಎಂದರು.

ಮೊದಲ ಸಲ ಬಟ್ಟಲಿಗೆ ಬಿದ್ದದ್ದು ಮೂರು ಹನಿ. ಎರಡನೇ ಸಲ ಅದೂ ಇಲ್ಲ. ಅವಳು ತುಟಿ ಕಚ್ಚಿಕೊಂಡು ಹಿಂಡುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ಚೊಂಬಿನಲ್ಲಿ ನೀರು ತಂದುಕೊಡುತ್ತಿದ್ದೆ. ಅದು ಬಿಟ್ಟರೆ ನನ್ನಿಂದ ಆಗುವ ಕೆಲಸ ಅಲ್ಲಿ ಒಂದೂ ಇರಲಿಲ್ಲ. ಕೂಗಾಡೋಣವೆಂದರೆ ಯಾರ ಮೇಲೆ? ಮಾರನೇ ದಿನ ಸಂಜೆ ಬಂತು, ಹೋಯಿತು. ಮಗಳು ಇನ್ನೂ ಉಸಿರಾಡುತ್ತಿದ್ದಳು. ಡಾಕ್ಟರು ಇನ್ನೂ ಏನೂ ಹೇಳಲಿಲ್ಲ.

"ತಪ್ಪಾಯ್ತು ಕಣೇ" ಅಂದೆ, ಬಟ್ಟಲು ತೊಳೆದು ಕೊಡುತ್ತಾ.

"ಕೂಸು ಉಳೀಲಿ. ಆಮೇಲೆ ಬೈತೀನಿ."

ಆಸ್ಪತ್ರೆಗೆ ಬಂದ ಮೂರನೇ ದಿನ ಬಟ್ಟಲಿನ ತಳ ಮುಚ್ಚುವಷ್ಟು ಹಾಲು ಬಂತು. ನಾಲ್ಕನೇ ದಿನ ಎರಡು ಚಮಚ ಆಯಿತು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನರ್ಸಮ್ಮನಿಗೆ ಕೊಡಲು ಹೊರಟೆ. ಹಿಂದಿನಿಂದ ಇಂದು ಕೇಳಿದಳು. "ರೀ, ಫ್ಯಾಟ್ ಮಿಷನ್ ತಂದಿದ್ದೀರಾ?" ನಾನು ತಿರುಗಿ ನೋಡಲಿಲ್ಲ. ಹೆಜ್ಜೆ ತಪ್ಪಿ ಒಂದು ಹನಿ ಚೆಲ್ಲಿದರೂ ಅಲ್ಲೇ ಸತ್ತುಹೋಗುತ್ತೇನೆ ಎನ್ನಿಸಿತ್ತು.

ಏಳನೇ ದಿನ ಕೂಸನ್ನು ಅವಳ ಎದೆಗೆ ಕೊಟ್ಟರು. ಬಾಯಿ ಅಗಲವಾಗಿ ತೆರೆಸಿ, ಒಂದೇ ಕಡೆ, ತಾನಾಗಿ ಬಿಡುವವರೆಗೆ. ಆಮೇಲೆ ತೂಕಕ್ಕೆ ಇಟ್ಟಾಗ ನಾನು ಬಗ್ಗಿದೆ.

"ನೀವು ಆ ಕಡೆ ನೋಡಿ" ಅಂದಳು ಇಂದು.

ಗೋಡೆ ನೋಡುತ್ತಾ ನಿಂತೆ. ಅಂಕಿ ಎಷ್ಟೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅವಳು ಕೈಗೆ ಸುತ್ತಿಕೊಂಡಿದ್ದ ಉಡಿದಾರ ಬಿಚ್ಚಿ, ಕೂಸಿನ ಕಾಲಿನಿಂದ ಏರಿಸಿ ಸೊಂಟಕ್ಕೆ ತಂದು ಬಿಟ್ಟಳು. ಜಾರಿತು. ಮತ್ತೆ ಕೈಗೆ ಸುತ್ತಿಕೊಂಡಳು. ದಿನಾ ಹೀಗೇ. ಹನ್ನೊಂದನೇ ದಿನ ಅದು ಸೊಂಟದ ಮೂಳೆಯ ಮೇಲೆ ನಿಂತಿತು. ಹದಿನಾಲ್ಕನೇ ದಿನ ನಮ್ಮನ್ನು ಮನೆಗೆ ಕಳಿಸಿದರು. ಅವ್ವ ಬಾಗಿಲಲ್ಲೇ ದೊಡ್ಡ ಚೊಂಬಿನ ತುಂಬ ನೀರು ಹಿಡಿದು ನಿಂತಿದ್ದಳು. ಅದನ್ನು ಇಂದುವಿನ ಕೈಗೆ ಕೊಟ್ಟಳು.

ಈಗ ಮಗಳಿಗೆ ನಾಲ್ಕು ತಿಂಗಳು. ಇಂದು ಇನ್ನೂ ನನ್ನನ್ನು ಬೈದಿಲ್ಲ. ಯಾವತ್ತು ಬೈಯುತ್ತಾಳೋ ಎಂದು ಕಾಯುತ್ತಿದ್ದೇನೆ. ಮೊನ್ನೆ ಬೆಳಿಗ್ಗೆ ಡೇರಿಗೆ ಹೊರಟವನನ್ನು ಕಿಟಕಿಯ ಹತ್ತಿರಕ್ಕೆ ಕರೆದಳು.

"ಬೆರಳು ಹೋಗ್ತಾ ಇಲ್ಲ ಕಣ್ರೀ. ಬಿಚ್ಚಿ ಕಟ್ಬೇಕು."

ಸೊಂಟದ ಸುತ್ತ ದಾರದ ಗುರುತು ಕೆಂಪಗೆ ಮೂಡಿತ್ತು. ಗಂಟು ಬಿಗಿದುಹೋಗಿ ನನ್ನ ಉಗುರಿಗೆ ಬಗ್ಗಲಿಲ್ಲ. ಅವಳು ನನ್ನ ಕೈ ಸರಿಸಿ, ಬಾಗಿ, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು.